ಯಾರೂ ಹೇಳದ ಹೆಸರು

ಶಕುನ, ಅಂತರ್ವಾಣಿ, ಮೈಮೇಲೆ ಬರುವುದು ಇಂಥವನ್ನು ನಾನು ನಂಬಿದವನಲ್ಲ. ಧೈರ್ಯವಂತನೆಂದಲ್ಲ. ಮನೆಗೆ ಕೀಲಿ ಹಾಕಿದೆನೋ ಇಲ್ಲವೋ, ಸಿಲಿಂಡರ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಕಾಳಜಿಯಲ್ಲೇ ನನ್ನ ದಿನ ಮುಗಿಯುತ್ತಿತ್ತು. ದೆವ್ವಗಳಿಗೆ ಪುರುಸೊತ್ತು ಉಳಿಯುತ್ತಿರಲಿಲ್ಲ. ಹಾಗಾಗಿ ಮುಂದೆ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಇಂಡಿ ಪಟ್ಟಣದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಹೆಸರು ಬರೆಯುವ ಕೌಂಟರು ನನ್ನದು. ಕೇಸ್ ಪೇಪರ್ ಹೋಗಿ ಕಂಪ್ಯೂಟರ್ ಬಂದಿತ್ತು. ಹಳೆಯ ಪೇಪರುಗಳನ್ನೆಲ್ಲ ಸಿಂದಗಿಯಿಂದ ಬಂದ ಇಬ್ಬರು ಟೈಪಿಸ್ಟರು ಅದರೊಳಗೆ ಏರಿಸಿ ಹೋಗಿದ್ದರು. ಆ ಕೆಲಸಕ್ಕೆ ನಾನು ಕೈಹಾಕಲಿಲ್ಲ. ಒತ್ತಬಾರದ ಗುಂಡಿ ಒತ್ತಿ ಇಡೀ ತಾಲ್ಲೂಕಿನ ಕಾಯಿಲೆಗಳನ್ನು ಅಳಿಸಿಬಿಟ್ಟೇನೆಂಬ ಹೆದರಿಕೆ. ಬಂದವರ ಹೆಸರು ಹುಡುಕುವುದು, ಸಿಗದಿದ್ದರೆ ಹೊಸದಾಗಿ ಬರೆಯುವುದು, ಇಷ್ಟೇ ನನ್ನ ಪಾಲಿಗೆ.

ಒಂದು ಮಧ್ಯಾಹ್ನ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ಕುಟುಂಬವೊಂದು ಬಂತು. ನಮ್ಮ ಹತ್ತಿರದ ಅಗರಖೇಡದಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆ ಬಂದವರು. ಸೊಸೆಗೆ ವಿಪರೀತ ಜ್ವರ. ಕಾಲಿನ ಗಾಯ ಕೀವು ಕಟ್ಟಿತ್ತು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಯಾವುದಾದರೂ ಔಷಧ ಅವಳಿಗೆ ಆಗಿಬರುವುದಿಲ್ಲವೇ ಎಂದು ಡಾಕ್ಟರ್ ಕೇಳಿದರು. ಗಂಡ, ಅತ್ತೆ ಇಬ್ಬರೂ ಅಂಥದ್ದೇನಿಲ್ಲ ಎಂದು ಹೇಳಿ ನನ್ನ ಮುಂದೆ ಬಂದು ನಿಂತರು.

"ಐಶ್ವರ್ಯಾ ಅಂತ ಬರಕೋರಿ," ಎಂದ ಗಂಡ.

"ಮೊದಲ ಇಲ್ಲಿ ತೋರಿಸಿದ್ರೇನ್ರಿ?"

"ಇಲ್ರಿ, ಈ ದವಾಖಾನಿಗೆ ಇದ ಮೊದಲ."

ಒಳಗಿನಿಂದ ಸಿಸ್ಟರ್ ಕೂಗಿದಳು: "ಅಣ್ಣಾರ, ಹೆಸರ ಹಚ್ಚಾಕತ್ತೀರೋ, ತೊಟ್ಟಿಲ ತೂಗಾಕತ್ತೀರೋ? ಡಾಕ್ಟರ್ ಇಂಜೆಕ್ಷನ್ ಹೇಳ್ಯಾರ, ಲಗೂ ಮಾಡ್ರಿ!"

ನಾನು ಬೆರಳಾಡಿಸಿದೆ. ತೆರೆಯ ಮೇಲೆ ಮೂಡಿದ್ದು ಐಶ್ವರ್ಯಾ ಅಲ್ಲ, ಶಾವಂತ್ರಿ. ಅಳಿಸಬೇಕೆನ್ನುವಷ್ಟರಲ್ಲಿ ಹುಡುಕುವ ಗುಂಡಿಯನ್ನೂ ಒತ್ತಿಯಾಗಿತ್ತು. ಒಂದೇ ಒಂದು ದಾಖಲೆ ತೆರೆದುಕೊಂಡಿತು. ಶಾವಂತ್ರಿ, ಊರು ಇಲ್ಲೇ ಹತ್ತಿರದ ಸಾಲೋಟಗಿ, ಆಗ ಹದಿನಾಲ್ಕು ವರ್ಷ. ಕೆಳಗೆ ಕೆಂಪಕ್ಷರದಲ್ಲಿ ಒಂದು ಇಂಜೆಕ್ಷನ್ನಿನ ಹೆಸರು. ಅದು ಆಗಿಬರದೆ ಉಸಿರು ಕಟ್ಟಿತ್ತು, ಮತ್ತೆ ಕೊಡಬಾರದು ಎಂದಿತ್ತು.

ಯಾರದ್ದೋ ದಾಖಲೆ ಎಂದು ಮುಚ್ಚಬೇಕಿತ್ತು. ಯಾಕೋ ಕೇಳಿದೆ: "ಶಾವಂತ್ರಿ ಅಂದ್ರ ಯಾರ್ರಿ?"

ಅತ್ತೆ ಕೌಂಟರಿನ ಅಂಚು ಹಿಡಿದುಕೊಂಡಳು. "ಯಪ್ಪಾ, ಇಕೀದ ತವರುಮನಿ ಹೆಸರ್ರಿ ಅದು! ಮುದುಕ್ಯಾರ ಹೆಸರ ಇದ್ದಂಗ ಐತಿ ಅಂತ ಲಗ್ನದಾಗ ನಾವ ಬದಲಿ ಮಾಡೀವಿ. ನಿಮಗ ಯಾರ ಹೇಳಿದ್ರು?"

"ಸಾಲೋಟಗಿಯವರೇನ್ರಿ?"

"ಹೌದ್ರಿ, ಸಾಲೋಟಗಿ."

ನಾನು ಓಡಿದೆ. ಓಡಿ ಎಷ್ಟು ವರ್ಷವಾಗಿತ್ತೋ, ಬಾಗಿಲಿಗೆ ಭುಜ ಬಡಿಯಿತು. ಸಿಸ್ಟರ್ ಸಿರಿಂಜ್ ತುಂಬಿಕೊಂಡು ನಿಂತಿದ್ದಳು. "ನಿಂದರ್ರಿ, ಅದನ್ನ ಕೊಡಬ್ಯಾಡ್ರಿ!" ಎಂದೆ. ಡಾಕ್ಟರ್ ಬಂದು ತೆರೆ ನೋಡಿದರು. ಅವರು ಹೇಳಿದ್ದು ಅದೇ ಇಂಜೆಕ್ಷನ್. ಬದಲಿಸಿದರು. ಮೂರನೆಯ ದಿನ ಅವಳು ಎದ್ದು ಕುಳಿತು ಚಹಾ ಕೇಳಿದಳು.

ಗಂಡನಿಗೆ ಮಾತ್ರ ಸಮಾಧಾನವಿರಲಿಲ್ಲ. "ನಿಮಗೂ ಸಾಲೋಟಗಿಗೂ ಏನರ ಸಂಬಂಧ ಐತೇನ್ರಿ?" ಎಂದು ಎರಡು ಸಲ ಕೇಳಿದ. ನರೆತ ತಲೆಯ ನನ್ನ ಮೇಲೆ ಅಂಥ ಸಂಶಯ ಬಂದದ್ದು ಅದೇ ಮೊದಲು. ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಹೆಂಡತಿ ಉಳಿದದ್ದನ್ನು ನಂಬಿದಳು, ನನ್ನ ಮೇಲೂ ಒಬ್ಬ ಸಂಶಯಪಟ್ಟನೆಂಬುದನ್ನು ಮಾತ್ರ ನಂಬಲಿಲ್ಲ.

ಕಾರಣವನ್ನು ನಾನೂ ಹುಡುಕಿದೆ. ಗಂಡ, ಅತ್ತೆ ಆ ಹೆಸರನ್ನು ಎತ್ತಿಯೇ ಇರಲಿಲ್ಲ. ಜ್ವರದಲ್ಲಿ ಅವಳೇ ಕನವರಿಸಿದಳೇ ಎಂದರೆ, ಬಾಯಿಂದ ಮಾತೇ ಹೊರಟಿರಲಿಲ್ಲ ಎಂದಳು ಸಿಸ್ಟರ್. ಶಾವಂತ್ರಿ ಹುಡುಗಿಯಾಗಿದ್ದಾಗ ಈ ಆಸ್ಪತ್ರೆಗೆ ಬಂದಿದ್ದ ಕಾಲಕ್ಕೆ ನಾನು ಬಸವನ ಬಾಗೇವಾಡಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಿದ್ದೆ.

ಅವಳ ಎರಡು ಹೆಸರುಗಳನ್ನು ಒಂದೇ ದಾಖಲೆಗೆ ಸೇರಿಸುವಾಗ ಕಂಪ್ಯೂಟರ್ ಕೇಳಿತು: ಹಳೆಯ ದಾಖಲೆಯನ್ನು ಯಾವ ಮಾಹಿತಿಯ ಆಧಾರದ ಮೇಲೆ ಹುಡುಕಲಾಯಿತು? ಖಾಲಿ ಬಿಟ್ಟರೆ ಅದು ಮುಂದೆ ಹೋಗುವುದಿಲ್ಲ. ಕೊನೆಗೆ ಒಂದು ಚುಕ್ಕೆ ಇಟ್ಟೆ. ಒಪ್ಪಿಕೊಂಡಿತು. ಈಗಲೂ ಒಮ್ಮೊಮ್ಮೆ ಆ ದಾಖಲೆ ತೆರೆದು ನೋಡುತ್ತೇನೆ. ಚುಕ್ಕೆ ಅಳಿಸಿ ಅಲ್ಲಿ ಬರೆಯುವಂಥದ್ದು ನನಗಿನ್ನೂ ಸಿಕ್ಕಿಲ್ಲ.