ಕದಿರಮ್ಮನ ಒದ್ದೆ ಸೀರೆ

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ ಅದೇ ಲೈನಿಗೆ ಸೊಸೆಯಾದವಳು ಕದಿರಮ್ಮ. ಗಾಳಿಗಾಲ ಬಂತೆಂದರೆ ಅಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿ ಪುಡಿ ಅನ್ನದ ತಟ್ಟೆಯವರೆಗೂ ಬರುತ್ತದೆ. ಅದಕ್ಕೇ ಹೆಂಗಸರು ಹಳೆಯ ಸೀರೆಯನ್ನು ನೀರಿಗದ್ದಿ ಕಿಟಕಿಗೆ ಕಟ್ಟುತ್ತಾರೆ. ಗಂಡ ಕುಪ್ಪುಸ್ವಾಮಿ ಎದೆಯಲ್ಲಿ ಗಣಿಯ ಧೂಳು ತುಂಬಿಕೊಂಡೇ ಸತ್ತ ಮೇಲೆ ಕದಿರಮ್ಮನಿಗೆ ಧೂಳೆಂದರೆ ಹಗೆ. ಊರಂಚಿನ ಕಾಲೇಜಿಗೆ ಕಸ ಗುಡಿಸುವ ಗುತ್ತಿಗೆ ಕೆಲಸಕ್ಕೆ ಬಂದಾಗ ಆ ಹಗೆಯನ್ನೂ ಜೊತೆಗೇ ತಂದಳು. ಅವಳು ಒರೆಸಿದ ಮೇಜಿನ ಮೇಲೆ ಬೆರಳೆಳೆದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಕಾಲೇಜಿನ ಪ್ರಯೋಗಾಲಯಕ್ಕೆ ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದವಳು ಸುಕನ್ಯ. ಮೆಥನಾಲ್‌ನಿಂದ ವಿದ್ಯುತ್ ಕೊಡುವ ಇಂಧನಕೋಶಕ್ಕೆ ಪೊರೆ ತಯಾರಿಸುವುದು ಅವಳ ಸಂಶೋಧನೆ. ಪಾಲಿಮರ್ ದ್ರಾವಣಕ್ಕೆ ಸಿಲಿಕಾ ಪುಡಿ ಬೆರೆಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ, ಹಪ್ಪಳದಂತೆ ಒಣಗಿಸಬೇಕು. ಆ ಪೊರೆ ಪ್ರೋಟಾನನ್ನು ಆಚೆ ಬಿಡಬೇಕು, ಮೆಥನಾಲನ್ನು ತಡೆಯಬೇಕು. ಬುದ್ಧಿವಂತ ಹುಡುಗಿ, ಅದರಲ್ಲಿ ಅನುಮಾನವಿಲ್ಲ. ಬುದ್ಧಿವಂತರು ತಮಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತು ಅಂದುಕೊಳ್ಳುತ್ತಾರೆ, ಅಷ್ಟೇ.

ಸಂಶೋಧನೆ ಪರಿಶೀಲಿಸುವ ಸಮಿತಿಯ ಮುಂದಿಡಬೇಕಾದ ಪೊರೆಗಳನ್ನು ಸುಕನ್ಯ ಒಣಗಲು ಬಿಟ್ಟು ಹೊರಟ ಸಂಜೆ ಗಾಳಿ ಎದ್ದಿತ್ತು.

"ಕದಿರಮ್ಮ, ಒಂದು ಕಣ ಧೂಳು ಬಿದ್ರೂ ನನ್ನ ಕೆಲಸ ಮುಗೀತು. ನೋಡ್ಕೋ," ಎಂದಳು ಸುಕನ್ಯ.

"ನೀ ಓಗು ಕಣ್ಣು. ಧೂಳು ನನ್ಗೆ ಒಸ್ದಾ?" ಸುಕನ್ಯಳನ್ನು ಮಗಳಂತೆ ಕಣ್ಣು ಎಂದೇ ಕರೆಯುತ್ತಿದ್ದಳು ಕದಿರಮ್ಮ.

ತೇವ ತಾಗಿದರೂ ಪೊರೆ ಕೆಡುತ್ತದೆ ಎಂದು ಸುಕನ್ಯ ಹೇಳಲಿಲ್ಲ. ರೈಲಿಗೆ ಹೊತ್ತಾಗಿತ್ತು.

ಬೆಳಿಗ್ಗೆ ಬಂದು ನೋಡಿದರೆ ಕಿಟಕಿಗಳಿಗೆಲ್ಲ ಒದ್ದೆ ಸೀರೆ. ಧೂಳಿನ ಸುಳಿವೇ ಇಲ್ಲ. ತಿಳಿಯಾಗಿರಬೇಕಿದ್ದ ಪೊರೆಗಳು ಮಾತ್ರ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದವು. ಪರೀಕ್ಷೆಗಿಟ್ಟಾಗ ಮೆಥನಾಲ್ ಸಲೀಸಾಗಿ ಆಚೆ ದಾಟಿತು.

ಮಾರ್ಗದರ್ಶಕ ರಾಮಚಂದ್ರಪ್ಪ ಕೆಂಡವಾದರು. "ಯಾರು ಮಾಡಿದ್ದು ಇದನ್ನ?"

"ಕದಿರಮ್ಮ, ಸರ್."

ಸುಳ್ಳೇನಲ್ಲ. ಆದರೆ ಅಷ್ಟು ಹೇಳಿ ಬಾಯಿ ಮುಚ್ಚಿದ್ದು ಸುಳ್ಳಿಗಿಂತ ಕೆಟ್ಟದ್ದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಸುಕನ್ಯ ತಲೆ ತಗ್ಗಿಸಿ ನಿಂತಳು. ದೊಣ್ಣೆ ಕದಿರಮ್ಮನ ಮೇಲೆ ಬಿತ್ತು. ನಾಳೆಯಿಂದ ಬರಬೇಡ ಎಂದು ಗುತ್ತಿಗೆದಾರ ಅವತ್ತೇ ಹೇಳಿದ.

ಮತ್ತೆ ಮಾಡಿದ ಪೊರೆಗಳು ಚೆನ್ನಾಗಿಯೇ ಬಂದವು. ಸಮಿತಿಯವರು ಹೊಗಳಿದರು. ಹೊಗಳಿದಷ್ಟೂ ಸುಕನ್ಯಳಿಗೆ ಕದಿರಮ್ಮನ ನೆನಪಾಗುತ್ತಿತ್ತು. ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ತಡೆಯಲಾರದೆ ಕೊನೆಗೆ ರಾಮಚಂದ್ರಪ್ಪನವರ ಮುಂದೆ ಹೋಗಿ ನಿಂತಳು.

"ಧೂಳು ಬೇಡ ಅಂದೆ ಸರ್, ತೇವ ಬೇಡ ಅನ್ನಲಿಲ್ಲ. ತಪ್ಪು ನನ್ನದು. ಅವಳನ್ನ ವಾಪಸ್ ಕರೆಸಿ."

"ಆ ಜಾಗಕ್ಕೆ ಅನಸೂಯಮ್ಮ ಅಂತ ಒಬ್ಬಳು ಬಂದಾಯ್ತಲ್ಲಮ್ಮ. ಈಗ ಅವಳನ್ನ ಬಿಡಿಸ್ಲಾ?"

ಸಂಜೆ ಸುಕನ್ಯ ಮನೆಗೆ ಹೋಗುವ ರೈಲು ಬಿಟ್ಟು ಉರಿಗಾಂಗೆ ನಡೆದಳು. ಬಾಗಿಲಲ್ಲಿ ಅವಳನ್ನು ಕಂಡ ಕದಿರಮ್ಮ ಕೈ ಹಿಡಿದು ಒಳಗೆ ಕೂರಿಸಿದಳು.

"ನಿನ್ ಕೆಲ್ಸ ಕೆಡಿಸ್ಬಿಟ್ನಲ್ಲ ಕಣ್ಣು, ಪಾಪಿ ನಾನು. ಒಸ್ದಾಗಿ ಮಾಡಿದ್ದು ಚೆನ್ನಾಗ್ ಬಂತಾ?"

ಸುಕನ್ಯ ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು: ತಾನು ಹೇಳದೆ ಬಿಟ್ಟದ್ದು, ಸರ್ ಕೇಳಿದಾಗ ಅವಳ ಹೆಸರು ಹೇಳಿದ್ದು, ಆ ಜಾಗಕ್ಕೆ ಅನಸೂಯಮ್ಮ ಬಂದಿರುವುದರಿಂದ ಇನ್ನು ಆ ಕೆಲಸ ಸಿಗುವಂತಿಲ್ಲ ಎಂಬುದು.

ಕದಿರಮ್ಮ ಹಿಡಿದಿದ್ದ ಕೈ ಬಿಟ್ಟಳು. ಎದ್ದು ಹೋಗಿ ಒಲೆಯ ಮುಂದೆ ಬೆನ್ನು ಹಾಕಿ ಕೂತಳು. ಸುಕನ್ಯ ಕ್ಷಮಿಸು ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಆಮೇಲೆ ತಿರುಗದೆಯೇ ಕೇಳಿದಳು. "ಆ ಅನಸೂಯಮ್ಮ ಎಲ್ಲಿಯೋಳು?"

"ಇಲ್ಲೇ ಆಂಡರ್ಸನ್‌ಪೇಟೆಯವಳಂತೆ."

"ಅವ್ಳೂ ನಮ್ ಥರದೋಳೇ, ಧೂಳು ಅಂದ್ರೆ ಒದ್ದೆ ಸೀರೆ ಕಟ್ತಾಳೆ. ನಾಳೆ ಓಗಿ ಅವ್ಳಿಗಾದ್ರೂ ಮೊದ್ಲೇ ಏಳು."