ಕಾರಿಲ್ಲದ ಶೆಡ್ಡಿನ ಮೌಲ್ಯಮಾಪನ

ಮಕ್ಕಳೇ, ಈ ವಯಸ್ಸಿನಲ್ಲಿ ನಿಮ್ಮ ಅಜ್ಜಿಯ ಪರೀಕ್ಷೆಯ ಫಲಿತಾಂಶ ಬಂದಿದೆ. ನಡೆಯುತ್ತಿದ್ದದ್ದು ನನ್ನ ಪರೀಕ್ಷೆ ಎಂದು ನನಗೆ ಗೊತ್ತಿರಲಿಲ್ಲ. ಪಾಠಕ್ಕೆ ಬರುವ ಮಕ್ಕಳದ್ದು ಎಂದುಕೊಂಡಿದ್ದೆ. ಪರೀಕ್ಷೆ ಮಾಡಲು ಬಂದವಳಿಗೆ ಕಾಫಿ ಕೊಟ್ಟು, ದೇವರ ಹೂ ಕಟ್ಟುತ್ತಾ ಹಾಯಾಗಿ ಕೂತಿದ್ದೆ.

ನಮ್ಮ ಶೆಡ್ಡಿನ ಕಥೆ ನಿಮಗೆ ಅರ್ಧ ಗೊತ್ತು. ನಿಮ್ಮ ತಾತ ಶ್ರೀರಾಂಪುರದಲ್ಲಿ ಈ ಮನೆ ಕಟ್ಟಿಸುವಾಗ, ಕಾರು ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ ಅಡುಗೆಮನೆಯನ್ನು ಕಿರಿದು ಮಾಡಿಸಿ ಶೆಡ್ಡಿಗೆ ಜಾಗ ಬಿಡಿಸಿದರು. ಕಾರು ಬರಲಿಲ್ಲ. ಸ್ವಲ್ಪ ಕಾಲ ಅಲ್ಲಿ ತೆಂಗಿನಕಾಯಿ ಬಿದ್ದಿದ್ದವು, ಆಮೇಲೆ ನಿಮ್ಮ ಸೈಕಲ್ಲುಗಳು, ಈಗ ಸಂಜೆ ಹೊತ್ತು ಹಿಂದಿನ ಬೀದಿಯ ಮಕ್ಕಳು. ಅವರ ತಾಯಂದಿರಲ್ಲಿ ಬಹಳ ಜನ ಹೆಬ್ಬಾಳದ ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ ಹೋಗುವವರು. ಪಾಳಿ ಮುಗಿಸಿ, ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಷ್ಟು ಹೊತ್ತು ಮಕ್ಕಳು ಬೀದಿಯಲ್ಲಿ ಅಲೆಯುವ ಬದಲು ಓದಿಕೊಳ್ಳಲಿ ಎಂದು ಒಂದು ಟ್ರಸ್ಟಿನವರು ಸಂಜೆ ಪಾಠ ಶುರುಮಾಡಿದರು. ಲೆಕ್ಕ ಹೇಳಿಕೊಡಲು ಪುಷ್ಪಾ ಎಂಬ ಟೀಚರನ್ನು ಇಟ್ಟರು. ಕನ್ನಡ ಓದಿಸಲು ಯಾರೂ ಸಿಗದೆ, ಜಾಗ ಕೊಟ್ಟವಳೇ ಅದನ್ನೂ ಮಾಡಲಿ ಎಂದು ನನ್ನನ್ನು ಕೇಳಿದರು. ಇಲ್ಲ ಎನ್ನುವುದಕ್ಕೂ ಬಾಯಿ ಬೇಕಲ್ಲ. ಹೂಂ ಎಂದೆ.

ನಾನು ಕಲಿತದ್ದು ಹಳ್ಳಿಯ ಶಾಲೆಯಲ್ಲಿ. ಮೇಷ್ಟ್ರು ಒಂದು ಸಾಲು ಹೇಳುವುದು, ನಾವೆಲ್ಲ ಒಟ್ಟಾಗಿ ಕೂಗುವುದು. ಹೊಲದಲ್ಲಿ ಕಳೆ ಕೀಳುವವರಿಗೂ ಶಾಲೆ ನಡೆಯುತ್ತಿದೆ ಎಂದು ಕೇಳಿಸಬೇಕು. ಆಗಿನ ಕಾಲದ ವರದಿ ಅದೇ. ಆ ಕೂಗಿನಲ್ಲಿ ನನಗೊಂದು ಸುಖವಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವ ಹುಡುಗಿಗೆ ತನ್ನ ಧ್ವನಿಯನ್ನು ಅಡಗಿಸಿಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಶೆಡ್ಡಿನಲ್ಲೂ ಅದನ್ನೇ ನಡೆಸಿದೆ. ನಾನು ಹೇಳಿದೆ, ಮಕ್ಕಳು ಕೂಗಿದವು. ಎದುರು ಮನೆಯವರು "ಸಂಜೆ ಆದ್ರೆ ನಿಮ್ಮನೆ ಪಾಠಶಾಲೆ ಇದ್ದಂಗಿರುತ್ತೆ ಕಣ್ರೀ" ಎಂದಾಗ ಒಳಗೊಳಗೇ ಉಬ್ಬಿದೆ.

ಹೀಗಿರುವಾಗ ಟ್ರಸ್ಟಿನವರು ತಮ್ಮ ಪಾಠದಿಂದ ಏನಾದರೂ ಪ್ರಯೋಜನವಾಗಿದೆಯೇ ಎಂದು ನೋಡಲು ಅನಘಾ ಎಂಬ ಹುಡುಗಿಯನ್ನು ಕಳಿಸಿದರು. ಇಂಥ ಮೌಲ್ಯಮಾಪನ ಮಾಡುವುದನ್ನೇ ಓದಿದ ಹುಡುಗಿ. ಸ್ಕೂಟರಿನಲ್ಲಿ ಬಂದು, ಒಂದೊಂದೇ ಮಗುವನ್ನು ತುಳಸಿ ಕಟ್ಟೆಯ ಹತ್ತಿರ ಕರೆದು, ಅವು ಎಂದೂ ನೋಡದ ಒಂದು ಪುಟ ಕೊಟ್ಟು ಓದಿಸಿದಳು, ಲೆಕ್ಕ ಮಾಡಿಸಿದಳು. ನಮ್ಮಲ್ಲಿಗೆ ಬಾರದ ಮಕ್ಕಳ ಹತ್ತಿರವೂ ಹೋಗಿ ಹಾಗೆಯೇ ಮಾಡಿದಳಂತೆ. ಕೆಲವು ವಾರ ಕಳೆದ ಮೇಲೆ ಮತ್ತೆ ಬಂದಳು. ಕಾಫಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಬಿಸಿಲಿನ ವಿಷಯ ಮಾತಾಡಿದಳು, ನಮ್ಮ ದಾಸವಾಳದ ವಿಷಯ ಮಾತಾಡಿದಳು. ಕಾಫಿ ಆರಿದ ಮೇಲೆ, "ಅಜ್ಜಿ, ಲೆಕ್ಕದಲ್ಲಿ ಮಕ್ಕಳು ಚೆನ್ನಾಗಿ ಮುಂದೆ ಬಂದಿದಾರೆ. ಓದೋದ್ರಲ್ಲಿ ಮಾತ್ರ ಇಲ್ಲಿ ಬರೋ ಮಕ್ಕಳಿಗೂ ಬರದೇ ಇರೋರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ" ಎಂದಳು.

"ಪಾಪ" ಎಂದೆ. ಅವಳು ಸ್ಕೂಟರು ಹತ್ತಿ ಹೋದ ಮೇಲೆ ಲೋಟ ತೊಳೆಯುತ್ತಿದ್ದಾಗ ಹೊಳೆಯಿತು. ಲೆಕ್ಕ ಹೇಳಿಕೊಡುವವಳು ಪುಷ್ಪಾ. ಓದಿಸುವವಳು ನಾನು. ಆ ಪಾಪ ನನಗೇ ಹೇಳಿಕೊಂಡದ್ದು.

ಫಲಿತಾಂಶ ಹೇಳುವವರ ಕಷ್ಟ ನನಗೆ ತಿಳಿಯದ್ದಲ್ಲ. ನಿಮ್ಮ ತಾತನಿಗೆ ಕಾಯಿಲೆಯಾದಾಗ ಡಾಕ್ಟರು ನಿಮ್ಮ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ನಿಮ್ಮ ಅಪ್ಪ ಚಿಕ್ಕಪ್ಪನಿಗೆ ಹೇಳಿದ, ಚಿಕ್ಕಪ್ಪ ನನಗೆ ಹೇಳಿದ. ಮಂಚದ ಮೇಲಿದ್ದವರಿಗೆ ಮಾತ್ರ ಯಾರೂ ಹೇಳಲಿಲ್ಲ. ಎಲ್ಲರೂ ಅವರ ಮುಂದೆ ನಗುನಗುತ್ತಾ ಓಡಾಡಿದೆವು. ಒಂದು ದಿನ ಅವರೇ, "ಮನೇಲಿ ಯಾರೂ ನನ್ನ ಜೊತೆ ಜಗಳ ಆಡ್ತಿಲ್ಲ, ಅದ್ರಲ್ಲೇ ನಂಗೆ ಗೊತ್ತಾಯ್ತು" ಎಂದರು. ಆಮೇಲೆ "ನೇರವಾಗಿ ಹೇಳಿದ್ದಿದ್ರೆ ನಾನೂ ಒಂದೆರಡು ಮಾತು ಕೇಳ್ಕೋತಿದ್ದೆ" ಎಂದರು. ಏನು ಕೇಳಬೇಕಿತ್ತೋ, ಕೊನೆಗೂ ಕೇಳಲಿಲ್ಲ. ಯಾರ ವಿಷಯವೋ ಅವರಿಗೇ ಅದನ್ನು ಕೊನೆಗೆ ಮುಟ್ಟಿಸುವುದು ನಮ್ಮ ಮನೆಗಳ ಪದ್ಧತಿ, ಅದಕ್ಕೆ ಪ್ರೀತಿ ಎಂಬ ಹೆಸರೂ ಇದೆ.

ಟ್ರಸ್ಟಿನಲ್ಲೂ ಅದೇ ಪದ್ಧತಿ ಎಂದು ಆಮೇಲೆ ತಿಳಿಯಿತು. ಅನಘಾಳ ವರದಿ ಮೊದಲು ಹಣ ಕೊಡುವವರಿಗೆ ಹೋಯಿತು, ಆಮೇಲೆ ಸಮಿತಿಗೆ. ಕೊನೆಗೆ ಯಾರೋ ತಾಯಂದಿರ ಫೋನುಗಳಿಗೂ ಕಳಿಸಿದರು. ಎಲ್ಲವೂ ಇಂಗ್ಲಿಷು. ನಡುವೆ ಹೋಳಿಗೆ ತುಂಡು ಮಾಡಿಟ್ಟ ಹಾಗೆ ಬಣ್ಣದ ಚಕ್ರಗಳು. ಮಾದೇವಿ ಎಂಬ ತಾಯಿ ಅದನ್ನು ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸಿದಳಂತೆ. ಅವರು ಕಣ್ಣಾಡಿಸಿ "ಮಕ್ಕಳೆಲ್ಲ ಫೇಲು ಅಂತ ಹಾಕವ್ರೆ" ಎಂದರಂತೆ. ಮಾರನೆಯ ದಿನ ಅವಳ ಮಗಳು ಚಂದನಾ ಬರಲಿಲ್ಲ. ವಾರದೊಳಗೆ ಶೆಡ್ಡು ಅರ್ಧ ಖಾಲಿಯಾಯಿತು. ಟ್ರಸ್ಟಿನ ಕಾರ್ಯದರ್ಶಿಗಳು, ತಾಯಂದಿರಿಗೇ ಬೇಡವಾದರೆ ಪಾಠ ಮುಚ್ಚುವುದೇ ಸರಿ ಎಂದರು.

ಅನಘಾ ಓಡಿ ಬಂದಳು. "ನಾನು ಬರೆದಿದ್ದೆಲ್ಲ ಕಮಿಟಿಯೋರಿಗೆ ಅಜ್ಜಿ. ಈ ತಾಯಂದಿರಿಗೆ ಹೇಳ್ಬೇಕು ಅನ್ನೋದೇ ತಲೆಗೆ ಬರಲಿಲ್ಲ. ಭಾನುವಾರ ಎಲ್ಲರನ್ನೂ ಇಲ್ಲೇ ಸೇರಿಸೋಣ. ಕಾರ್ಯದರ್ಶಿಗಳೂ ಬರ್ತಾರೆ. ಅವತ್ತು ತಾಯಂದಿರು ಬರದೇ ಹೋದ್ರೆ ಮುಗೀತು."

ನಾನು ಮೆಲ್ಲಗೆ, "ಓದಿನ ವಿಷಯ ಸ್ವಲ್ಪ ಪರವಾಗಿಲ್ಲ ಅಂತ ಹೇಳಿಬಿಡಮ್ಮ. ಯಾರಿಗೆ ಏನು ನಷ್ಟ?" ಎಂದೆ.

"ಪರವಾಗಿಲ್ಲ ಅಂದ್ರೆ ಮುಂದಿನ ವರ್ಷವೂ ಮಕ್ಕಳಿಗೆ ಓದೋಕೆ ಬರಲ್ಲ ಅಜ್ಜಿ" ಎಂದಳು. ಅಷ್ಟು ಹೇಳಿ, ನೋವಾಯಿತೇನೋ ಎಂದು ನನ್ನ ಮುಖ ನೋಡಿದಳು. ಆಗಿತ್ತು. ಆದರೆ ಹುಡುಗಿ ಮಾತು ಬದಲಿಸಲಿಲ್ಲ.

ತಾಯಂದಿರಿಗೆ ಹೇಗೆ ಹೇಳಬೇಕೆಂದು ಇಬ್ಬರೂ ಯೋಚಿಸುತ್ತಾ ಕೂತೆವು. ನನಗೆ ನಮ್ಮೂರಿನ ಕಣ ನೆನಪಾಯಿತು. ರಾಗಿ ರಾಶಿ ಅಳೆಯುವ ದಿನ ಹೊಲದ ಯಜಮಾನನೂ ಇರಬೇಕು, ಬೆಳೆಯ ಪಾಲಿನ ಮೇಲೆ ವಾರಕ್ಕೆ ಉತ್ತವನೂ ಇರಬೇಕು, ಕೂಲಿಯವರೂ ಇರಬೇಕು. ಒಬ್ಬ ಬರುವುದು ತಡವಾದರೂ ಅಳೆಯುವವನು ಕೊಳಗ ಮುಟ್ಟುವುದಿಲ್ಲ. ಎಲ್ಲರೂ ಸೇರಿದ ಮೇಲೆ ಮೊದಲ ಕೊಳಗ ಎತ್ತುವಾಗ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾನೆ. ಆಮೇಲೆ ಎರಡು, ಮೂರು. ರಾಶಿ ಚಿಕ್ಕದಾದ ವರ್ಷವೂ ಅದೇ ಲಾಭ, ಅದೇ ಗಟ್ಟಿ ಧ್ವನಿ. ಮನೆಗೆ ಹೋಗಿ ಯಾರೂ "ನಂಗೆ ಬೇರೆ ಥರ ಹೇಳಿದ್ರು" ಎನ್ನುವ ಹಾಗಿರಲಿಲ್ಲ.

ಇದನ್ನು ಹೇಳಿದೆ, ಅನಘಾಳಿಗೆ ಹಿಡಿಸಿತು. "ಹಾಗಾದ್ರೆ ಮೊದಲು ಲೆಕ್ಕದಲ್ಲಿ ಮುಂದೆ ಬಂದಿದ್ದು ಹೇಳ್ತೀನಿ."

"ಹೇಳು. ಹೇಳಿ ಅಲ್ಲಿಗೆ ನಿಲ್ಲಿಸಿಬಿಡು."

"ಅಜ್ಜಿ."

"ಸರಿ ಕಣಮ್ಮ, ಹೇಳ್ಕೋ" ಎಂದೆ.

ತಾಯಂದಿರನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳೇ, ಇದು ನಿಮಗೆ ಸಣ್ಣ ವಿಷಯ. ಮನೆಮನೆಗೆ ಹೋಗಿ ಕರೆಯುವುದು ನಮ್ಮಲ್ಲಿ ಕುಂಕುಮದ ಬಟ್ಟಲು ಹಿಡಿದವರ ಕೆಲಸ. ನಿಮ್ಮ ತಾತ ಹೋದ ಮೇಲೆ ಯಾರೂ ನನ್ನನ್ನು ಅದಕ್ಕೆ ಕಳಿಸಿರಲಿಲ್ಲ, ನಾನೂ ಹೋಗಿರಲಿಲ್ಲ. ಬರಿಗೈಯಲ್ಲಿ ಹೊರಟೆ. ಮೊದಲ ಮನೆಯ ಹೊಸ್ತಿಲ ಮುಂದೆ ನಿಂತೆ. ಹೊಸದಾಗಿ ರಂಗೋಲಿ ಹಾಕಿದ ಬಾಗಿಲು. ಎದುರಿಗೆ ಖಾಲಿ ಹಣೆಯ ನಾನು. ನನ್ನ ಬಾಯಿಂದ ಅಲ್ಲಿ "ಮಕ್ಕಳಿಗೆ ಓದು ಹತ್ತಿಲ್ಲ" ಎಂಬ ಮಾತು ಹೇಗೆ ಬರಬೇಕು? "ಭಾನುವಾರ ಬನ್ನಿ, ಒಳ್ಳೆ ಸುದ್ದಿ ಇದೆ" ಎಂದುಬಿಟ್ಟೆ. ಒಂದು ಮನೆಯಲ್ಲಿ ಹೇಳಿದ ಮೇಲೆ ಪಕ್ಕದ ಮನೆಯಲ್ಲಿ ಬೇರೆ ಹೇಳುವ ಹಾಗಿಲ್ಲ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ನನಗೇ ನಂಬಿಕೆ ಬಂದಿತ್ತು.

ಭಾನುವಾರ ಎಲ್ಲರೂ ಬಂದರು. ತಲೆಗೆ ಹೂ ಮುಡಿದು ಬಂದರು. ಒಬ್ಬಳು ಮಗುವಿಗೆ ಹಬ್ಬದ ಲಂಗ ಹಾಕಿಸಿದ್ದಳು. ಅನಘಾ ಆ ಮುಖಗಳನ್ನೆಲ್ಲ ನೋಡಿ, ಆಮೇಲೆ ನನ್ನನ್ನು ನೋಡಿದಳು. ನಾನು ತುಳಸಿ ಗಿಡ ನೋಡಿದೆ.

ಅವಳು ಕುರ್ಚಿ ಬಿಟ್ಟು ಅವರ ಜೊತೆ ಚಾಪೆಯ ಮೇಲೆ ಕೂತಳು. ಲೆಕ್ಕದ ವಿಷಯ ಹೇಳಿದಳು. ಎಲ್ಲರೂ ಪುಷ್ಪಾಳ ಕಡೆ ನೋಡಿ ನಕ್ಕರು. ಆಮೇಲೆ ಅದೇ ಧ್ವನಿಯಲ್ಲಿ ಓದಿನ ವಿಷಯವನ್ನೂ ಹೇಳಿದಳು.

ಮಾದೇವಿ ಅವಳನ್ನು ಬಿಟ್ಟು ನೇರ ನನ್ನ ಕಡೆ ತಿರುಗಿದಳು. "ಏನವ್ವ, ಒಳ್ಳೆ ಸುದ್ದಿ ಬನ್ನಿ ಬನ್ನಿ ಅಂತ ಕರುದ್ರಿ. ನೆನೆಹಾಕಿದ್ ಬಟ್ಟೆ ಬುಟ್ಟು ಬಂದಿವ್ನಿ. ಇದಾ ಒಳ್ಳೆ ಸುದ್ದಿ? ನನ್ ಮಗಳು ದಡ್ಡಿ ಅಂತಾವ?"

"ಮಗು ದಡ್ಡಿ ಅಂತ ನಾನು ಎಲ್ಲೂ ಬರೆದಿಲ್ಲ ಅಕ್ಕ" ಎಂದಳು ಅನಘಾ. "ನಾವು ಓದಿಸ್ತಿರೋ ರೀತಿ ಸರಿ ಹೋಗ್ತಿಲ್ಲ ಅಂತ ಬರೆದಿದೀನಿ. ಯಾಕೆ ಅನ್ನೋದು ನಂಗೂ ಗೊತ್ತಾಗ್ಲಿಲ್ಲ."

"ಎಂಗೆ ಸರಿ ಹೋಗಲ್ಲ? ನಮ್ ಚಂದನಾ ಪುಸ್ತಕ ಮುಚ್ಚಿಟ್ಟೇ ಓದ್ತಾಳೆ ಕಣ್ರೀ. ತೆಗೆಯಂಗೇ ಇಲ್ಲ. ಪಾಠಕ್ ಪಾಠಾನೇ ಗಡಗಡ ಅಂತ ಹೇಳ್ಬುಡ್ತಾಳೆ. ಅವರಪ್ಪ ಬಂದೋರ್ಗೆಲ್ಲ ಕರೆದು ಕೇಳುಸ್ತಾರೆ."

ಹಿಂದಿನಿಂದ ಇನ್ನೊಬ್ಬಳು, "ನಮ್ಮೋನೂ ಅಂಗೇಯ. ಪುಸ್ತಕ ತಲೆಕೆಳಗಾಗಿ ಹಿಡ್ಕಂಡೂ ಓದ್ತಾನೆ" ಎಂದಳು.

ಎಲ್ಲರೂ ನಕ್ಕರು. ನಗು ಒಬ್ಬೊಬ್ಬರಲ್ಲೇ ನಿಂತಿತು. ಅನಘಾ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಆ ಮಕ್ಕಳು ಕಲಿತದ್ದು ಅಕ್ಷರವನ್ನಲ್ಲ, ನನ್ನ ಧ್ವನಿಯನ್ನು. ಕೂಗಿನೊಳಗೆ ಅಡಗಿಕೊಳ್ಳುವುದನ್ನು ನನ್ನಿಂದಲೇ ಕಲಿತಿದ್ದವು.

ಗೋಡೆ ಹಿಡಿದು ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನೊಬ್ಬಳೇ ಮಾತಾಡಿದ ನೆನಪು ನನಗಿಲ್ಲ. "ಓದಿಸಿದ್ದು ನಾನು. ನಾನು ಕೂಗ್ತಿದ್ದೆ, ಅವು ಕೂಗ್ತಿದ್ವು. ಪುಸ್ತಕದ ಕಡೆ ನೋಡ್ತಿದಾವಾ ಅಂತ ನಾನು ನೋಡಲೇ ಇಲ್ಲ. ಒಳ್ಳೆ ಸುದ್ದಿ ಅಂದಿದ್ದೂ ನಾನೇ. ಇದ್ದದ್ದು ಹೇಳಿದ್ರೆ ನೀವು ಬರಲ್ಲ ಅಂತ ಭಯ ಆಯ್ತು. ಓದಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಶೆಡ್ಡು ಇದ್ದೇ ಇರುತ್ತೆ."

ಯಾರಾದರೂ "ಛೆ ಛೆ, ಹಾಗನ್ನಬೇಡಿ" ಎನ್ನುತ್ತಾರೆ ಎಂದು ನನ್ನ ಮನಸ್ಸು ಕಾಯುತ್ತಿತ್ತು. ಸುಳ್ಳು ಯಾಕೆ ಹೇಳಲಿ. ಯಾರೂ ಅನ್ನಲಿಲ್ಲ.

ಮಾದೇವಿ, "ಬೇರೆ ಯಾರವ್ವ ಬತ್ತಾರೆ ಇಲ್ಲಿಗೆ?" ಎಂದಳು. "ಕೂಗ್ಬೇಡಿ ಅಷ್ಟೆಯ. ಒಂದೊಂದ್ ಮಗೀನೇ ಪಕ್ಕದಲ್ ಕೂರುಸ್ಕಂಡು ಓದ್ಸಿ. ಮತ್ತೆ ಎಂಗೈತೋ ಅಂಗೇ ಹೇಳಿ ನಮ್ಗೆ. ಫ್ಯಾಕ್ಟ್ರೀಲಿ ದಿನಾ ನಾವು ಒಲ್ದಿದ್ ಪೀಸ್ ವಾಪಸ್ ಬಿಸಾಕ್ತಾರೆ, ಬಿಚ್ಚಿ ಒಲ್ಕೊಡಲ್ವಾ? ನಾವೇನ್ ಅತ್ಕಂಡು ಮನೀಕಂಡ್ಬುಡ್ತೀವಾ?"

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ಹಾಗಾದರೆ ಪಾಠ ಮುಂದುವರಿಸಬೇಕು ಅಂತೀರಿ" ಎಂದರು.

"ತಪ್ಪು ಎಲ್ಲೈತೆ ಅಂತ ಈಗ ಗೊತ್ತಾಯ್ತಲ್ಲ ಸಾರ್. ಈಗ ಯಾಕೆ ಮುಚ್ಚಾಕ್ತೀರಿ?" ಎಂದಳು ಮಾದೇವಿ.

ಅವರು ನಕ್ಕು, ಸಮಿತಿಗೆ ಹಾಗೆಯೇ ತಿಳಿಸುತ್ತೇನೆ, ಅನಘಾ ಇನ್ನೊಮ್ಮೆ ಬಂದು ನೋಡುವ ತನಕ ನಡೆಯಲಿ ಎಂದರು. ಅವತ್ತಿನಿಂದ ಯೋಚಿಸುತ್ತಿದ್ದೇನೆ. ಆ ಬಣ್ಣದ ಚಕ್ರಗಳಲ್ಲಿ ಇದ್ದದ್ದೂ ಇದೇ ಸತ್ಯ. ಫೋನಿನಲ್ಲಿ ಬಂದಾಗ ಅದು ತೀರ್ಪಾಯಿತು, ಚಾಪೆಯ ಮೇಲೆ ಕೂತು ಹೇಳಿದಾಗ ಮಾತಾಯಿತು. ತೀರ್ಪಿಗೆ ಯಾರೂ ಉತ್ತರ ಕೊಡುವುದಿಲ್ಲ, ಎದ್ದು ಹೋಗುತ್ತಾರೆ. ಮಾತಾದರೆ ಯಾರಾದರೂ ಜಗಳಕ್ಕಾದರೂ ಒಂದು ಉತ್ತರ ಕೊಡುತ್ತಾರೆ, ಹುಡುಕುತ್ತಿದ್ದದ್ದು ಆ ಉತ್ತರದಲ್ಲೇ ಸಿಕ್ಕಿಬಿಡುತ್ತದೆ. ನಿಮ್ಮ ತಾತ ಕೇಳಬೇಕೆಂದಿದ್ದ ಒಂದೆರಡು ಮಾತಿನ ಬಗ್ಗೆಯೂ ಈಚೆಗೆ ಯೋಚನೆ ಬರುತ್ತದೆ.

ಸೋಮವಾರ ಚಂದನಾ ಬಂದಳು. ಹೊಸ ಪಾಠ ತೆಗೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅಭ್ಯಾಸದಂತೆ ನನ್ನ ಬಾಯಿ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ. ಅವಳೂ ಸುಮ್ಮನಾದಳು. ಶೆಡ್ಡಿನಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಎದುರು ಮನೆಯವರು ಪಾಠ ನಿಂತುಹೋಯಿತೇನೋ ಎಂದು ಕಿಟಕಿಯಿಂದ ಇಣುಕಿದರು. ಬಹಳ ಹೊತ್ತಿನ ಮೇಲೆ ಅವಳ ಬೆರಳು ಪುಟದ ಮೇಲೆ ಇಳಿಯಿತು, ತುಟಿ ಅಲುಗಿತು.

ಕತ್ತಲಾಗುವಾಗ ಮಾದೇವಿ ಬಸ್ಸಿಳಿದು, ಕೈಚೀಲ ಹಿಡಿದುಕೊಂಡೇ ಗೇಟಿನ ಹತ್ತಿರ ಬಂದು ನಿಂತಳು. "ಎಂಗೆ ಓದುದ್ಲವ್ವ?"

ಚೆನ್ನಾಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಸಾಲಿನ ಮೊದಲನೇ ಪದ ಅವಳೇ ಓದಿದಳು. ಎರಡನೇದಕ್ಕೆ ಸಿಕ್ಕಿಹಾಕಿಕೊಂಡಳು. ಒತ್ತಕ್ಷರ ಅವಳಿಗೆ ಗೊತ್ತಿಲ್ಲ."

ಮಾದೇವಿ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಸರಿ ಬುಡಿ, ನಾಳೆ ಒತ್ತಕ್ಷರ ಹೇಳ್ಕೊಡಿ" ಎಂದು ಮಗಳ ಕೈ ಹಿಡಿದುಕೊಂಡು ಹೊರಟಳು.