ಬೋರಿಗೆ ನಾನು ಹಾಕಿದ ಅನ್ನ

ಪೊನ್ನಕ್ಕ, ಬೋರಿ ಆ ಮೊಲವನ್ನು ಹಿಡಿದದ್ದು ಹಸಿವಿನಿಂದ. ನೀವು ಬಿಟ್ಟುಹೋಗಿದ್ದ ಮಾಂಸವನ್ನು ನಾನು ಅದಕ್ಕೆ ಒಂದು ತುತ್ತೂ ಹಾಕಿರಲಿಲ್ಲ. ಎಸೆದುಬಿಟ್ಟಿದ್ದೆ. ನಿಮ್ಮ ತಾಯಿಗೆ ಹುಷಾರಿಲ್ಲವೆಂದು ನೀವು ಮಡಿಕೇರಿಗೆ ಹೊರಟ ಮರುದಿನವೇ ಗ್ಯಾರೇಜಿನ ಫ್ರೀಜರ್ ಖಾಲಿ ಮಾಡಿ, ಮೂಗು ಹಿಡಿದುಕೊಂಡು, ಎಲ್ಲವನ್ನೂ ಕಸದ ತೊಟ್ಟಿಗೆ—

ಅಮ್ಮ ಬೇಡವೆಂದರು ಎನ್ನಬಹುದಿತ್ತು. ಅಮ್ಮ ಮೈಸೂರಿನಲ್ಲಿದ್ದರು, ನಾಯಿಯ ವಿಷಯವೇ ಅವರಿಗೆ ಗೊತ್ತಿರಲಿಲ್ಲ. ಬೇಡವೆಂದವಳು ನಾನೇ.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ನಾವಿಬ್ಬರೂ ಹಂಚಿಕೊಂಡಿದ್ದ ಆ ಬಾಡಿಗೆ ಮನೆಯಲ್ಲಿ ನೀವು ನನ್ನ ಅಡುಗೆಮನೆಯನ್ನು ಎಷ್ಟು ಗೌರವಿಸಿದ್ದಿರಿ ಎಂದು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಬೋರಿಯ ಕೋಳಿಯನ್ನು ಚಳಿಯಲ್ಲೂ ಹಿತ್ತಲಿನ ಚಿಕ್ಕ ಒಲೆಯ ಮೇಲೆ ಬೇಯಿಸುತ್ತಿದ್ದಿರಿ. ಕೊರಿಯಾಕ್ಕೆ ಮರಳಿದ ನಿಮ್ಮ ಸಹೋದ್ಯೋಗಿ ಕೊಟ್ಟುಹೋದ ನಾಯಿ ಅದು. ಬೋರಿ ಎಂದರೆ ಅವರ ಭಾಷೆಯಲ್ಲಿ ಬಾರ್ಲಿ, ಮೈಬಣ್ಣವೂ ಹಾಗೇ. ಹೊರಡುವ ದಿನ ನನ್ನನ್ನು ಅದರ ಮುಂದೆ ಕೂರಿಸಿ ಪಾಠ ಹೇಳಿದಿರಿ.

"ಇದು ಜಿಂಡೋ ಕಣೇ. ಬೇಟೆ ನಾಯಿ, ನಮ್ಮ ಊರಿನವುಗಳ ಥರಾನೇ. ಸ್ನಾನ ಗೀನ ಬೇಡ, ಬೆಕ್ಕಿನ ಹಾಗೆ ತಾನೇ ನೆಕ್ಕಿಕೊಂಡು ಶುದ್ಧ ಆಗುತ್ತೆ. ಸತ್ತರೂ ಮನೆಯೊಳಗೆ ಗಲೀಜು ಮಾಡಲ್ಲ. ಬಾಚೋದು ಮರೀಬೇಡ. ಹಗ್ಗ ಇಲ್ಲದೆ ಹೊರಗೆ ಬಿಡಬೇಡ, ಬೇಲಿ ಅಂದ್ರೆ ಇವಳಿಗೆ ಏಣಿ ಇದ್ದ ಹಾಗೆ."

"ನನ್ನ ಕೈಯಿಂದ ತಿನ್ನುತ್ತಾ ಅಕ್ಕ?"

"ಒಂದೆರಡು ದಿನ ಮೂತಿ ತಿರುಗಿಸ್ತಾಳೆ. ಆಮೇಲೆ ಸರಿಹೋಗ್ತಾಳೆ. ಮಾಂಸ ಮಾತ್ರ ತಪ್ಪಿಸಬೇಡ. ನಿಂಗೆ ಕಷ್ಟ ಅಂತ ಗೊತ್ತು ಮಗಾ—ಆಗಲ್ಲ ಅಂದ್ರೆ ಈಗಲೇ ಹೇಳು, ಬೇರೆ ಯಾರನ್ನಾದ್ರೂ ಕೇಳ್ತೀನಿ."

ಆಗುತ್ತೆ ಎಂದೆ. ಆಗಲ್ಲ ಎನ್ನಲು ಇದ್ದ ಅವಕಾಶ ಅದೊಂದೇ.

ಮೊಸರನ್ನ ಹಾಕಿದೆ. ಸಾರನ್ನ, ತುಪ್ಪ ಸವರಿದ ಚಪಾತಿ. ಅಂಗಡಿಯ ಒಣ ಆಹಾರದ ಚೀಲವನ್ನು ಕೈಗೆತ್ತಿಕೊಂಡು, ಅದರಲ್ಲೂ ಮಾಂಸವಿದೆ ಎಂದು ಓದಿ, ವಾಪಸ್ಸಿಟ್ಟೆ. ಬೋರಿ ತಟ್ಟೆಯನ್ನು ಮೂಸಿ, ನನ್ನನ್ನು ನೋಡಿ, ಹೋಗಿ ಗೇಟಿನ ಬಳಿ ಕೂರುತ್ತಿತ್ತು. ನಿಮ್ಮನ್ನು ಕಾಯುತ್ತಿದೆ ಎಂದುಕೊಂಡೆ. ಕಾಯುತ್ತಲೂ ಇತ್ತು. ಆದರೆ ಕೊನೆಗೆ ಅದು ಮೊಸರನ್ನಕ್ಕೆ ಬಾಯಿ ಹಾಕಿದಾಗ ನನಗಾದದ್ದು ಸಂತೋಷವಲ್ಲ ಅಕ್ಕ, ಗೆಲುವು. ಒಂದು ಪ್ರಾಣಿಯನ್ನು ನನ್ನ ದಾರಿಗೆ ತಂದೆನೆಂಬ ಗೆಲುವು. ಆ ವಾರ ಕಂಪನಿಯ ಕನ್ನಡದವರೆಲ್ಲ ಸೇರುವ ಊಟದಲ್ಲಿ ಅದನ್ನು ಜಂಬದಿಂದ ಹೇಳಿಯೂ ಹೇಳಿದೆ.

"ಹೌದಾ? ಏಕಾದಶಿನೂ ಮಾಡಿಸ್ತೀರಾ ಅದಕ್ಕೆ?" ಎಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗೊತ್ತಿರಲಿಲ್ಲ ಎನ್ನಲಾರೆ. ಚಳಿಗಾಲದ ದಟ್ಟ ತುಪ್ಪಳದಡಿಯಲ್ಲಿ ಮೈ ಸೊರಗಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ನಿಜ. ಆದರೆ ನೀವು ಹೇಳಿದಂತೆ ಬಾಚುತ್ತಿದ್ದೆನಲ್ಲ—ಬಾಚುವಾಗ ಬೆರಳಿಗೆ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು. ಕೈ ತೆಗೆದೆ. ಮಾರನೆಯ ದಿನದಿಂದ ಬಾಚುವುದನ್ನೇ ಬಿಟ್ಟೆ.

ಆಮೇಲೆ ಒಂದು ಬೆಳಿಗ್ಗೆ ಅದು ಬೇಲಿ ಹತ್ತಿತು. ಪಕ್ಕದ ಮನೆಯ ಹುಡುಗಿ ಸಾಕಿದ್ದ ಮೊಲವನ್ನು ಕೊಂದು ತಂದು ಹಿತ್ತಲ ಬಾಗಿಲಲ್ಲಿ ನನ್ನ ಪಾದದ ಹತ್ತಿರ ಇಟ್ಟಿತು. ಅಷ್ಟು ಹಸಿದಿದ್ದೂ ತಾನು ತಿಂದಿರಲಿಲ್ಲ. ಇಟ್ಟು, ಹಿಂದೆ ಸರಿದು, ನನ್ನ ಮುಖ ನೋಡಿತು. ನಾನು ಚೀರಿದೆ.

ಪಕ್ಕದ ಮನೆಯವರು ಫೋನ್ ಮಾಡಿ ನಗರದ ಪ್ರಾಣಿ ವಿಭಾಗದವರನ್ನು ಕರೆಸಿದರು. ಬಂದ ಹೆಂಗಸು ಒರಟಾಗಿರಲಿಲ್ಲ. ನಾಯಿ ಯಾರದು ಎಂದು ಕೇಳಿದಳು. "ನನ್ನದೇ" ಎಂದೆ. ಸರಿಯಾಗಿ ಊಟ ಹಾಕುತ್ತೀಯಾ ಎಂದಳು.

"ಹೊಟ್ಟೆ ತುಂಬ ಹಾಕುತ್ತೇನೆ. ಬೇಟೆಯ ಜಾತಿ ಇದು, ನನ್ನಿಂದ ತಡೆಯಲಾಗದು. ಕರೆದುಕೊಂಡು ಹೋಗಿ."

ನಿಮ್ಮದೆಂದು ಹೇಳಿದ್ದರೆ ನೀವು ಬರುವವರೆಗೆ ಕಾಯುತ್ತಿದ್ದರೋ ಏನೋ. ನನ್ನದೆಂದೆ, ಕಾಯಲು ಅವರಿಗೆ ಯಾರೂ ಉಳಿಯಲಿಲ್ಲ. ಅವರ ಪ್ರಾಣಿಗಳ ಶೆಲ್ಟರಿನಲ್ಲಿ ಅದು ಯಾರ ಕೈಯಿಂದಲೂ ತಿನ್ನಲಿಲ್ಲ. ಮುಟ್ಟಹೋದವರಿಗೆ ಹಲ್ಲು ತೋರಿಸಿತು. ಯಾರಿಗೂ ಕೊಡಲಾಗದ ನಾಯಿ ಎಂದು ಸೂಜಿ ಚುಚ್ಚಿ ಮಲಗಿಸಿದರು. ನೀವು ಬಂದಿಳಿದಾಗ ಎಲ್ಲ ಮುಗಿದಿತ್ತು. "ಎಷ್ಟು ತಿನ್ನಿಸಿದರೂ ಬೇಟೆಯ ಚಟ ಹೋಗಲಿಲ್ಲ ಅಕ್ಕ" ಎಂದೆ.

ನೀವು ಬಯ್ಯಲಿಲ್ಲ. "ನನ್ನದೇ ತಪ್ಪು ಕಣೇ. ಇಂಥವಳನ್ನ ಊರೊಳಗೆ ಕಟ್ಟಿಹಾಕಿದ್ದು ನಾನು. ನಿಂಗೆ ತುಂಬಾ ತೊಂದರೆ ಆಯ್ತು" ಎಂದು ನನ್ನ ತಲೆ ಸವರಿದಿರಿ. ಸವರಿಸಿಕೊಂಡೆ. ನನಗೆ ನನ್ನ ಮೇಲೆ ಅಸಹ್ಯ ಹುಟ್ಟುವುದು ಹೆಚ್ಚಾಗಿ ಅಲ್ಲೇ—ಆ ಕೈಯ ಕೆಳಗೆ ಸುಮ್ಮನೆ ನಿಂತದ್ದಕ್ಕೆ.

ಆಗಿನ ನನ್ನ ಕಂಪನಿ ಈಗ ಇಲ್ಲ. ನೀವು ಇಲ್ಲೇ ಒಂದು ಗಂಟೆ ದಾರಿಯ ಡಬ್ಲಿನ್‌ಗೆ ಹೋದಿರಿ. ನಾನು ಹೀಗೇ ಇದ್ದುಬಿಡುತ್ತಿದ್ದೆ. ಆದರೆ ಹೋದ ವಾರ, ನಿಮಗೆ ಜಿಂಡೋ ಮರಿಯೊಂದನ್ನು ಕೊಡುತ್ತೇವೆಂದ ಮನೆಯವರ ಜೊತೆಗಿನ ಫೋನ್ ಕರೆಗೆ ನನ್ನನ್ನೂ ಸೇರಿಸಿಕೊಂಡಿರಿ. "ಆ ಜಾತಿಯ ಸಹವಾಸ ಬೇಡ ಅಂದ್ರೆ ಇವರು ನಂಬ್ತಿಲ್ಲ ಕಣೇ. ನೀನೇ ಹೇಳು, ಕಣ್ಣಾರೆ ಕಂಡವಳು." ನಾನು ಹೇಳಿದೆ. ಸಾಕ್ಷಿ ನುಡಿದೆ—ಬೋರಿಯ ವಿರುದ್ಧ, ಇನ್ನೊಮ್ಮೆ. ನಾಲಿಗೆ ತೊದಲಲೂ ಇಲ್ಲ.

ನನ್ನ ಹೇಡಿತನ ನನಗೆ ಗೊತ್ತು. ನಿಮಗೆ ಮೊದಲು ಹೇಳಹೊರಟರೆ ಮತ್ತೆ ಮಾತು ನುಂಗುತ್ತೇನೆ. ಅದಕ್ಕೇ ಇವತ್ತು ಬೆಳಿಗ್ಗೆ ಆ ಮನೆಯವರಿಗೇ ಫೋನ್ ಮಾಡಿ, ನಡೆದದ್ದೆಲ್ಲವನ್ನೂ ನನ್ನ ಹೆಸರು ಹಿಡಿದು ಹೇಳಿದೆ. ಅವರು, ಪೊನ್ನಮ್ಮನವರಿಗೆ ಗೊತ್ತಾ ಎಂದರು. ಇನ್ನೂ ಇಲ್ಲ, ಶನಿವಾರ ಹೋಗಿ ಹೇಳುತ್ತೇನೆ ಎಂದೆ.

ಬರುತ್ತೇನೆ. ದಯವಿಟ್ಟು ನನಗೆ ಕಾಫಿ ಕೊಡಬೇಡಿ, ಅಕ್ಕ. ಕೂರು ಎನ್ನಲೂ ಬೇಡಿ.